ಎರಡೂ ಪ್ಲಗ್‌ನಲ್ಲಿ ಪೊರೋಸಿಟಿ 18%, ಪರ್ಮಿಯಬಿಲಿಟಿ ಮಾತ್ರ ಒಂದರಲ್ಲಿ 240, ಇನ್ನೊಂದರಲ್ಲಿ 3. ಯಾಕೆ?

ಪ್ರಶ್ನೆ: ಪುಣೆ, ಎಂಎಸ್‌ಸಿ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಬಾದಾಮಿ ಹತ್ತಿರ, ಮರಳುಗಲ್ಲಿನ ಮೇಲೆಯೇ ಆಡಿ ಬೆಳೆದವನು. ಈಗ ಓದುತ್ತಿರುವ ಪುಣೆಯಲ್ಲಿ ಎತ್ತ ನೋಡಿದರೂ ಬಸಾಲ್ಟ್. ಪ್ರಾಜೆಕ್ಟ್‌ಗೆ ಗುಜರಾತಿನ ಎಣ್ಣೆ ಪ್ರದೇಶ ಖಂಬಾತ್ ಬೇಸಿನ್‌ನ ಒಂದು ಬಾವಿಯ ಕೋರ್‌ನಿಂದ (ಕೊರೆದು ತೆಗೆದ ಕಲ್ಲಿನ ಕಂಬ) ಎರಡು ಪ್ಲಗ್ (ಅದರಿಂದ ಕತ್ತರಿಸಿದ ಚಿಕ್ಕ ತುಂಡು) ಸಿಕ್ಕಿವೆ. ಎರಡರ ನಡುವೆ ಎರಡೇ ಮೀಟರ್ ಆಳದ ವ್ಯತ್ಯಾಸ. ಹೀಲಿಯಂನಲ್ಲಿ ಅಳೆದ ಪೊರೋಸಿಟಿ, ಅಂದರೆ ಕಲ್ಲಿನೊಳಗಿನ ಖಾಲಿ ಜಾಗದ ಪಾಲು, ಎರಡರಲ್ಲೂ 18%. ಪರ್ಮಿಯಬಿಲಿಟಿ, ಅಂದರೆ ಕಲ್ಲು ತನ್ನೊಳಗೆ ಎಷ್ಟು ಸಲೀಸಾಗಿ ಹರಿಯಲು ಬಿಡುತ್ತದೆ ಅನ್ನುವುದು, ನೋಡಿದರೆ ಮೇಲಿನದು 240 ಮಿಲಿಡಾರ್ಸಿ, ಕೆಳಗಿನದು ಬರೀ 3. ಪೊರೋಸಿಟಿ ಒಂದೇ ಇದೆ, ಹಾಗಾಗಿ ಎರಡೂ ಒಂದೇ ದರ್ಜೆಯ ಕಲ್ಲು ಅಂತ ಬರೆದುಕೊಂಡು ಹೋಗಿದ್ದೆ, ಗೈಡ್ ಒಪ್ಪಲಿಲ್ಲ. ಎಲ್ಲಿಂದ ಶುರು ಮಾಡಲಿ? ಮತ್ತೆ 240 ಅನ್ನುವುದು ಒಳ್ಳೆಯದಾ?

ಉತ್ತರ 1: ಡೊಂಬಿವಲಿ, ನಿವೃತ್ತ ಜಿಯಾಲಜಿಸ್ಟ್

ಮೊದಲು ಅಡುಗೆಮನೆಗೆ ಹೋಗಿ ತಮ್ಮಾ. ಒಂದು ಲೋಟದಲ್ಲಿ ಜೋಳ, ಇನ್ನೊಂದರಲ್ಲಿ ಸಾಸಿವೆ ತುಂಬಿ. ಕಾಳುಗಳ ನಡುವಿನ ಖಾಲಿ ಜಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ನೀರು ಜೋಳದಲ್ಲಿ ಸರ್ರನೆ ಇಳಿಯುತ್ತದೆ, ಸಾಸಿವೆಯಲ್ಲಿ ತಡೆದು ತಡೆದು ಇಳಿಯುತ್ತದೆ. ಪೊರೋಸಿಟಿ ಹೇಳುವುದು ಎಷ್ಟು ಹಿಡಿಯುತ್ತದೆ ಅಂತ, ಎಷ್ಟು ಬಿಡುತ್ತದೆ ಅಂತ ಅಲ್ಲ. ಇನ್ನು ಜೋಳಕ್ಕೇ ಸಾಸಿವೆ ಬೆರೆಸಿದರೆ ಖಾಲಿ ಜಾಗವೂ ಹೋಯಿತು. ಅದಕ್ಕೇ ಸಾರ್ಟಿಂಗ್, ಅಂದರೆ ಕಣಗಳು ಎಷ್ಟರ ಮಟ್ಟಿಗೆ ಒಂದೇ ಅಳತೆಯವು ಅಂತ, ನೋಡುವುದು. ಜರಡಿ ಹಿಡಿದಂತಿರುವ ಸಡಿಲ ಮರಳಿನಲ್ಲಿ ಪೊರೋಸಿಟಿ 40% ಹತ್ತಿರ ಇರುತ್ತದೆ. ಮಣ್ಣಿನಡಿ ಹೂತಷ್ಟೂ ಅದು ಒತ್ತಿಕೊಂಡು, ಸಿಮೆಂಟ್ ಕಟ್ಟಿಕೊಂಡು ಕಡಿಮೆಯಾಗುತ್ತದೆ.

ಈಗ ನಿಮ್ಮ ಲೆಕ್ಕ. ಕಣದ ಅಳತೆ ಅರ್ಧವಾದರೆ ಪರ್ಮಿಯಬಿಲಿಟಿ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ನಿಮ್ಮಲ್ಲಿರುವುದು 80 ಪಟ್ಟು ವ್ಯತ್ಯಾಸ. ಕಣ ಒಂದೇ ಕಾರಣವಾಗಿದ್ದರೆ ಕೆಳಗಿನ ಕಲ್ಲಿನ ಕಣ ಒಂಬತ್ತು ಪಟ್ಟು ಸಣ್ಣದಿರಬೇಕು, ಅದು ಕೈಮಸೂರದಲ್ಲೇ ಕಾಣುತ್ತದೆ. ಕಣ ಒಂದೇ ಥರ ಇದ್ದರೆ ಕಳ್ಳ ಬೇರೆ ಇದ್ದಾನೆ, ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಅರೆದ ಕಲ್ಲಿನ ಚೂರು) ನೋಡಿ. 240 ಚೆನ್ನಾಗೇ ಇದೆ. ಆದರೆ ರಾಜಸ್ಥಾನದಲ್ಲಿ 2004ರಲ್ಲಿ ಸಿಕ್ಕ ಮಂಗಳಾ ಫೀಲ್ಡ್‌ನ ಫತೇಗಢ್ ಮರಳುಗಲ್ಲನ್ನು ಅಳೆಯುವುದು ಡಾರ್ಸಿಗಳಲ್ಲಿ, ಅಂದರೆ ಸಾವಿರಾರು ಮಿಲಿಡಾರ್ಸಿ. ಅಷ್ಟಿದ್ದೂ ಅಲ್ಲಿನ ಎಣ್ಣೆ ಮೇಣದಂತೆ ಗಟ್ಟಿ, ಅದನ್ನು ಬಿಸಿಯಾಗಿಟ್ಟು ಸಾಗಿಸಬೇಕು. ಕಲ್ಲು ಒಂದೇ ನೋಡಿ ಬಾವಿ ಎಷ್ಟು ಕೊಡುತ್ತದೆ ಅಂತ ಹೇಳಲಾಗದು.

ಪುಣೆ ವಿದ್ಯಾರ್ಥಿ:

ತುಂಬಾ ಥ್ಯಾಂಕ್ಸ್ ಸರ್. ಕಣ ಎರಡರಲ್ಲೂ ಒಂದೇ ಅಳತೆ. ರಂಧ್ರಗಳಿಗೆ ನೀಲಿ ರೆಸಿನ್ ತುಂಬಿದ ಥಿನ್ ಸೆಕ್ಷನ್ ಇವತ್ತು ನೋಡಿದೆ. ಮೇಲಿನದರಲ್ಲಿ ಕ್ವಾರ್ಟ್ಜ್ ಕಣಗಳ ಸುತ್ತ ತೆಳ್ಳಗೆ ಹಸಿರು ಅಂಚು, ನಡುವೆ ಸ್ವಚ್ಛ ನೀಲಿ. ಕೆಳಗಿನದರಲ್ಲಿ ನೀಲಿ ಮಬ್ಬಾಗಿದೆ, ಕಂದು ಧೂಳು ಕೂತ ಹಾಗೆ. ಎಕ್ಸ್‌ಆರ್‌ಡಿಯಲ್ಲಿ (ಖನಿಜ ಗುರುತಿಸುವ ಎಕ್ಸ್-ರೇ ಪರೀಕ್ಷೆ) ಮೇಲೆ ಕ್ಲೋರೈಟ್, ಕೆಳಗೆ ಇಲ್ಲೈಟ್. ಎರಡೂ ಜೇಡಿಯೇ ಅಲ್ವಾ, ಒಂದು ಒಳ್ಳೆಯದು ಒಂದು ಕೆಟ್ಟದ್ದು ಹೇಗೆ?

ಉತ್ತರ 2: ಪನ್ವೇಲ್, ಕೋರ್ ಲ್ಯಾಬ್‌ನಲ್ಲಿ ಕೆಲಸ

ಎಷ್ಟು ಜೇಡಿ ಅನ್ನುವುದಕ್ಕಿಂತ ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಕ್ಲೋರೈಟ್ ಕಣಕ್ಕೆ ಅಂಗಿ ತೊಡಿಸಿದ ಹಾಗೆ ಸುತ್ತ ಅಂಟಿಕೊಳ್ಳುತ್ತದೆ. ಆಳದಲ್ಲಿ ಬಿಸಿ ಸುಮಾರು 70-80 ಡಿಗ್ರಿ ದಾಟಿದರೆ ಕ್ವಾರ್ಟ್ಜ್ ಕಣದ ಮೇಲೆ ಹೊಸ ಕ್ವಾರ್ಟ್ಜ್ ಬೆಳೆಯತೊಡಗುತ್ತದೆ. ಆ ಅಂಗಿ ಇದ್ದರೆ ಅದಕ್ಕೆ ಹಿಡಿಯಲು ಜಾಗ ಸಿಗುವುದಿಲ್ಲ, ರಂಧ್ರ ಉಳಿಯುತ್ತದೆ. ಇಲ್ಲೈಟ್ ಹಾಗಲ್ಲ. ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿ, ರಂಧ್ರದ ಬಾಯಿಗೆ ಅಡ್ಡಲಾಗಿ ಶಾವಿಗೆ ಎಳೆ ಹರಡಿದ ಹಾಗಿರುತ್ತದೆ. ಎಳೆಗಳು ಹಿಡಿಯುವ ಜಾಗ ಅತಿ ಕಡಿಮೆ, ಹಾಗಾಗಿ ಪೊರೋಸಿಟಿ ಅಷ್ಟಾಗಿ ಬದಲಾಗುವುದಿಲ್ಲ, ದಾರಿ ಮಾತ್ರ ಕಟ್ಟಿಹೋಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಗೈಡ್‌ಗೂ ಹೇಳಿ. ಪ್ಲಗ್ ಹೇಗೆ ಒಣಗಿಸಿದರು ಅಂತ ಕೇಳಿದಿರಾ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಂಥದೇ ಕಲ್ಲನ್ನು ಮಾಮೂಲಿ ಓವನ್‌ಗೆ ಹಾಕಿಬಿಟ್ಟೆ. ನೀರು ಆರುವಾಗ ಇಲ್ಲೈಟ್ ಎಳೆಗಳನ್ನೂ ಎಳೆದುಕೊಂಡು ಹೋಗಿ ಗೋಡೆಗೆ ಅಂಟಿಸಿತು, ನೆನೆದ ಕೂದಲು ತಲೆಗೆ ಅಂಟುತ್ತದಲ್ಲ ಹಾಗೆ. ದಾರಿ ತೆರೆದುಕೊಂಡು ಪರ್ಮಿಯಬಿಲಿಟಿ ನಿಜಕ್ಕಿಂತ ಎಷ್ಟೋ ಜಾಸ್ತಿ ಬಂತು. ಆ ಅಂಕಿ ವರದಿಗೂ ಹೋಗಿತ್ತು, ಎಸ್‌ಇಎಂ ನೋಡಿದ ಮೇಲೆ ವಾಪಸ್ ತಗೊಂಡೆವು. ನಿಮ್ಮ 3 ಕೂಡ ಹಾಗೇ ಉಬ್ಬಿದ ಅಂಕಿ ಇರಬಹುದು. ಅದೇ ಆಳದಲ್ಲಿ ಮೇಣ ಹಚ್ಚಿ ಇಟ್ಟ, ಒಣಗದ ಕೋರ್ ತುಂಡು ಇದೆಯಾ ವಿಚಾರಿಸಿ. ಇದ್ದರೆ ಕ್ರಿಟಿಕಲ್ ಪಾಯಿಂಟ್ ಡ್ರೈಯಿಂಗ್ ಮಾಡಿಸಿ, ಅದರಲ್ಲಿ ಎಳೆಗಳು ನಿಂತಲ್ಲೇ ನಿಲ್ಲುತ್ತವೆ. ಅಳೆಯುವಾಗ ಆ ಆಳದ ಒತ್ತಡ ಕೊಟ್ಟೇ ಅಳೆಯಲು ಹೇಳಿ, ಬಿಗಿಯಾದ ಕಲ್ಲಿನಲ್ಲಿ ಅದರಿಂದಲೂ ಅಂಕಿ ಇಳಿಯುತ್ತದೆ.

ಪುಣೆ ವಿದ್ಯಾರ್ಥಿ:

ಈಗಷ್ಟೇ ಕೇಳಿದೆ ಅಕ್ಕಾ, ಎರಡೂ ಓವನ್‌ನಲ್ಲೇ ಒಣಗಿಸಿದ್ದಂತೆ. ಕೆಳಗಿನ ಪ್ಲಗ್‌ನಿಂದ ಅರ್ಧ ಮೀಟರ್ ಆಚೆ ಮೇಣದ ತುಂಡು ಒಂದಿದೆ. ಸೋಮವಾರ ಅದನ್ನೇ ತೆಗೆಸುತ್ತೇನೆ.