ಫ್ರಾಂಕ್ಲಿನ್ ಬುಕಾನನ್: ಪಕ್ಷ ಬದಲಿಸಿದ್ದು ನಂಬಿಕೆಯಿಂದಲೋ, ಲೆಕ್ಕ ತಪ್ಪಿಯೋ?

ಪ್ರಶ್ನೆ: ಕುಂದವಾಡ, ದಾವಣಗೆರೆ

ಪದವಿ ತರಗತಿಯಲ್ಲಿ ಅಮೆರಿಕದ ಅಂತರ್ಯುದ್ಧವನ್ನು ಪಾಠ ಮಾಡುವಾಗ ಲಿಂಕನ್, ಗ್ರ್ಯಾಂಟ್, ಲೀ ಇವರನ್ನು ದಾಟಿ ಮುಂದೆ ಹೋಗಲು ಸಮಯ ಸಿಗುವುದಿಲ್ಲ. ನೌಕಾಪಡೆಯ ಮಾತಂತೂ ಬರುವುದೇ ಇಲ್ಲ. ಶಾಂತಿಸಾಗರ, ವಾಣಿವಿಲಾಸ ಸಾಗರ ಬಿಟ್ಟರೆ ಬೇರೆ ಸಾಗರ ಕಾಣದ ನಮ್ಮ ಸೀಮೆಯವರಿಗೆ ಅದು ಸಹಜವೂ ಹೌದು. ಈ ವರ್ಷ ಒಬ್ಬ ನೌಕಾಧಿಕಾರಿಯ ವೃತ್ತಿಜೀವನವನ್ನೇ ಒಂದು ತರಗತಿಗೆ ಆರಿಸಿಕೊಂಡಿದ್ದೇನೆ. ಆತ ಫ್ರಾಂಕ್ಲಿನ್ ಬುಕಾನನ್. (ಮೈಸೂರು ಸೀಮೆ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಬೇರೆ, ಆತ ಇಲ್ಲಿ ಸಂಚಾರ ಶುರುಮಾಡಿದ 1800ರಲ್ಲೇ ಈತ ಬಾಲ್ಟಿಮೋರ್‌ನಲ್ಲಿ ಹುಟ್ಟಿದ.)

1815ರಲ್ಲಿ ಹುಡುಗನಾಗಿ ನೌಕಾಪಡೆ ಸೇರಿದ ಈತ 1845ರಲ್ಲಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯ ಮೊದಲ ಮುಖ್ಯಸ್ಥನಾದ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯ ಜಪಾನ್ ಯಾತ್ರೆಯಲ್ಲಿ ಸಸ್ಕ್ವೆಹಾನಾ ಹಡಗಿನ ನಾಯಕನಾಗಿದ್ದ. 1859ರಿಂದ ವಾಷಿಂಗ್ಟನ್‌ನ ನೌಕಾ ಕಾರ್ಖಾನೆಯೇ ಅವನ ಕೈಯಲ್ಲಿತ್ತು. ಹೀಗೆ 46 ವರ್ಷ ಒಂದೇ ಬಾವುಟದ ಕೆಳಗೆ ದುಡಿದವನು 1861ರಲ್ಲಿ ಎದುರು ಪಕ್ಷ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ಅಮೆರಿಕದ ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಪಡೆ ಸೇರಿ, ಒಕ್ಕೂಟದ (ಉತ್ತರದ) ಪಡೆಯಾಗಿದ್ದ, ತಾನೇ ಬೆಳೆಸಿದ ನೌಕಾಪಡೆಯ ಮೇಲೆ ಫಿರಂಗಿ ಹಾರಿಸಿದ. ಇದನ್ನು ಸಿದ್ಧಾಂತದ ನಿರ್ಧಾರ ಎಂದು ವಿದ್ಯಾರ್ಥಿಗಳಿಗೆ ಹೇಳಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಜೋಗಿಮಟ್ಟಿ, ಚಿತ್ರದುರ್ಗ

ಸರ್, ಸಿದ್ಧಾಂತದ ಮಾತನ್ನು ಪಕ್ಕಕ್ಕಿಟ್ಟು ಮೊದಲು ಆ ಏಪ್ರಿಲ್ ತಿಂಗಳ ದಿನಾಂಕಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಏಪ್ರಿಲ್ 3ರಂದು ನೌಕಾ ಕಾರ್ಖಾನೆಯ ಆವರಣದಲ್ಲಿ ನಡೆದ ಬುಕಾನನ್‌ನ ಮಗಳ ಮದುವೆಗೆ ಸ್ವತಃ ಅಧ್ಯಕ್ಷ ಲಿಂಕನ್ ಬಂದಿದ್ದರು. 12ರಂದು ಒಕ್ಕೂಟದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಗುಂಡು ಹಾರಿಸಿ ಯುದ್ಧ ಶುರುವಾಯಿತು. 19ರಂದು ಬಾಲ್ಟಿಮೋರ್‌ನ ಬೀದಿಯಲ್ಲಿ ಜನರಿಗೂ ವಾಷಿಂಗ್ಟನ್‌ಗೆ ಹೊರಟಿದ್ದ ಸೈನಿಕರಿಗೂ ಮಾರಾಮಾರಿ ನಡೆದು ರಕ್ತ ಹರಿಯಿತು. ತನ್ನ ರಾಜ್ಯವಾದ ಮೇರಿಲ್ಯಾಂಡ್ ಇನ್ನು ಒಕ್ಕೂಟದಿಂದ ಹೊರಬೀಳುವುದು ಖಂಡಿತ ಎಂದು ಲೆಕ್ಕ ಹಾಕಿದ ಬುಕಾನನ್ 22ರಂದು ರಾಜೀನಾಮೆ ಕೊಟ್ಟ.

ಮೇರಿಲ್ಯಾಂಡ್ ಹೊರಬೀಳಲೇ ಇಲ್ಲ. ಮೇ ತಿಂಗಳ ಆರಂಭದಲ್ಲಿ ಆತ ನೌಕಾ ಸಚಿವ ಗಿಡಿಯನ್ ವೆಲ್ಸ್‌ಗೆ ಪತ್ರ ಬರೆದು, ರಾಜೀನಾಮೆಯನ್ನು ಹಿಂದಕ್ಕೆ ಪಡೆಯಲು ಅವಕಾಶ ಕೇಳಿದ. ಕಷ್ಟದ ಹೊತ್ತಿನಲ್ಲಿ ಕೈಬಿಟ್ಟು ಹೋದವರ ಮೇಲೆ ವೆಲ್ಸ್‌ಗೆ ಎಳ್ಳಷ್ಟೂ ಕನಿಕರವಿರಲಿಲ್ಲ. ಕೋರಿಕೆಯನ್ನು ತಳ್ಳಿಹಾಕಿದ್ದಲ್ಲದೆ, ರಾಜೀನಾಮೆಯನ್ನೂ ಅಂಗೀಕರಿಸದೆ ಸೇವೆಯಿಂದ ವಜಾ ಮಾಡಿ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಬೇಸಿಗೆಯನ್ನೆಲ್ಲ ಮನೆಯಲ್ಲಿ ಕಳೆದ ಬುಕಾನನ್ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ನೌಕಾಪಡೆಗೆ ಕ್ಯಾಪ್ಟನ್ ಆಗಿ ಸೇರಿದ. ವೆಲ್ಸ್ ಒಪ್ಪಿಕೊಂಡಿದ್ದರೆ ಉತ್ತರದಲ್ಲೇ ಉಳಿಯುತ್ತಿದ್ದ ಮನುಷ್ಯನನ್ನು ಸಿದ್ಧಾಂತವಾದಿ ಎನ್ನಲು ನನಗಂತೂ ಮನಸ್ಸು ಬಾರದು.

ಉತ್ತರ: ವಾಣಿವಿಲಾಸ, ಹಿರಿಯೂರು

ಮೇಲಿನ ವಿವರಕ್ಕೆ ಯುದ್ಧದ ಭಾಗವನ್ನಷ್ಟು ಸೇರಿಸುತ್ತೇನೆ, ಏಕೆಂದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುವುದು ಅದೇ. ಉತ್ತರದವರು ವರ್ಜೀನಿಯಾದ ನಾರ್ಫೋಕ್ ನೌಕಾನೆಲೆ ಬಿಡುವಾಗ ಸುಟ್ಟು ಮುಳುಗಿಸಿದ್ದ ಮೆರಿಮ್ಯಾಕ್ ಎಂಬ ಹಡಗನ್ನು ದಕ್ಷಿಣದವರು ಮೇಲಕ್ಕೆತ್ತಿ, ಅದರ ಮೇಲೆ ಕಬ್ಬಿಣದ ಹೊದಿಕೆ ಕಟ್ಟಿ, ವರ್ಜೀನಿಯಾ ಎಂದು ಹೆಸರಿಟ್ಟು ಬುಕಾನನ್‌ಗೆ ಒಪ್ಪಿಸಿದರು. 1862ರ ಮಾರ್ಚ್ 8ರಂದು ವರ್ಜೀನಿಯಾ ಕರಾವಳಿಯ ಹ್ಯಾಂಪ್ಟನ್ ರೋಡ್ಸ್ ಎಂಬ ಹಡಗುದಾಣದಲ್ಲಿ ಆತ ಮರದ ಹಡಗಾದ ಕಂಬರ್ಲೆಂಡ್‌ಗೆ ಮೂತಿಯಿಂದಲೇ ಗುದ್ದಿ ಮುಳುಗಿಸಿ, ನಂತರ ಕಾಂಗ್ರೆಸ್ ಎಂಬ ಹಡಗಿನ ಮೇಲೆ ತಿರುಗಿಬಿದ್ದ. ಆ ಕಾಂಗ್ರೆಸ್ ಹಡಗಿನಲ್ಲಿ ಸಂಬಳ ಬಟವಾಡೆಯ ಅಧಿಕಾರಿಯಾಗಿದ್ದವನು ಅವನ ಒಡಹುಟ್ಟಿದ ಮೆಕೀನ್ ಬುಕಾನನ್. ಕಾಂಗ್ರೆಸ್ ಬಿಳಿ ಬಾವುಟ ಏರಿಸಿದ ಮೇಲೂ ದಡದಲ್ಲಿದ್ದ ಉತ್ತರದ ಸೈನಿಕರು ಗುಂಡು ಹಾರಿಸುತ್ತಲೇ ಇದ್ದುದರಿಂದ ಕೆರಳಿದ ಬುಕಾನನ್, ಕಾಯಿಸಿ ಕೆಂಪಾದ ಗುಂಡುಗಳಿಂದ ಹಡಗನ್ನು ಸುಡಲು ಆಜ್ಞೆ ಮಾಡಿ, ಅರವತ್ತು ದಾಟಿದ ವಯಸ್ಸಿನಲ್ಲಿ ತಾನೇ ಬಂದೂಕು ಹಿಡಿದು ಹಡಗಿನ ಮೇಲ್ಗಡೆ ಬಯಲಿಗೆ ಬಂದು ನಿಂತ. ತೊಡೆಗೆ ಗುಂಡು ಬಿತ್ತು. ಅಣ್ಣತಮ್ಮಂದಿರಿಬ್ಬರೂ ಬದುಕುಳಿದರು; ಉತ್ತರದ ಕಡೆ ಸತ್ತವರು 200ಕ್ಕೂ ಹೆಚ್ಚು. ಮರುದಿನ ಉತ್ತರದ ಕಬ್ಬಿಣದ ಹಡಗು ಮಾನಿಟರ್ ಜೊತೆ ನಡೆದ ಕಾಳಗದಲ್ಲಿ ಆತ ಇರಲಿಲ್ಲ; ಪಾಠದಲ್ಲಿ ಈ ಒಂದು ಅಂಶ ಸಾಮಾನ್ಯವಾಗಿ ಕಲಸಿಹೋಗುತ್ತದೆ.

ಇನ್ನೊಂದು ಹೆಸರನ್ನು ಜೊತೆಗಿಟ್ಟು ಕಲಿಸಿ: ಡೇವಿಡ್ ಫ್ಯಾರಗಟ್. ಹುಟ್ಟಿದ್ದು ದಕ್ಷಿಣದ ಟೆನೆಸಿಯಲ್ಲಿ, ಮನೆ ಇದ್ದದ್ದು ವರ್ಜೀನಿಯಾದ ನಾರ್ಫೋಕ್‌ನಲ್ಲಿ, ಹೆಂಡತಿಯೂ ಅಲ್ಲಿಯವಳೇ. ವರ್ಜೀನಿಯಾ ಒಕ್ಕೂಟ ಬಿಟ್ಟಾಗ ಆತ ಊರನ್ನೇ ಬಿಟ್ಟು ನ್ಯೂಯಾರ್ಕ್ ಕಡೆ ಹೊರಟ. 1862ರ ಜುಲೈನಲ್ಲಿ ಫ್ಯಾರಗಟ್ ಉತ್ತರದ ಮೊದಲ ರಿಯರ್ ಅಡ್ಮಿರಲ್ ಆದ. ಆಗಸ್ಟ್‌ನಲ್ಲಿ ಬುಕಾನನ್ ದಕ್ಷಿಣದ ಮೊದಲ ಅಡ್ಮಿರಲ್ ಆದ. 1864ರ ಆಗಸ್ಟ್ 5ರಂದು ಮೊಬೀಲ್ ಕೊಲ್ಲಿಯಲ್ಲಿ ಇಬ್ಬರೂ ಎದುರಾದರು. ಬುಕಾನನ್‌ನ ಹಡಗಿನ ಹೆಸರು ಟೆನೆಸಿ! ಒಂಟಿಯಾಗಿ ಇಡೀ ಪಡೆಯ ಮೇಲೆ ನುಗ್ಗಿದ ಆ ಹಡಗಿನ ಚುಕ್ಕಾಣಿಯ ಸರಪಳಿಗಳು ಮೇಲ್ಗಡೆ ಬಯಲಾಗಿಯೇ ಇದ್ದು, ಗುಂಡು ತಗುಲಿ ತುಂಡಾದವು. ಬುಕಾನನ್ ಕಾಲು ಮುರಿದುಕೊಂಡು ಶರಣಾದ. ಅನ್ನಾಪೊಲಿಸ್‌ನಲ್ಲಿ ಬುಕಾನನ್‌ನ ಹೆಸರಿದ್ದ ಮುಖ್ಯಸ್ಥರ ನಿವಾಸಕ್ಕೆ 2023ರಲ್ಲಿ ಇಟ್ಟದ್ದು ಇದೇ ಫ್ಯಾರಗಟ್‌ನ ಹೆಸರನ್ನು.

ಉತ್ತರ: ತುಂಗಾತೀರ, ಹರಿಹರ

ಜೋಗಿಮಟ್ಟಿ ಸರ್ ಅವರ ದಿನಾಂಕಗಳೆಲ್ಲ ಸರಿ, ಆದರೆ ಅವುಗಳನ್ನಷ್ಟೇ ಹೇಳಿದರೆ ಬುಕಾನನ್ ಪಾಪ, ಗಡಿಬಿಡಿಯಲ್ಲಿ ಸಿಕ್ಕಿಬಿದ್ದ ನೌಕರ ಎಂಬ ಚಿತ್ರ ಮೂಡುತ್ತದೆ. ಅವನ ಹೆಂಡತಿ ಆ್ಯನ್ ಲಾಯ್ಡ್ ಮೇರಿಲ್ಯಾಂಡ್‌ನ ದೊಡ್ಡ ಜಮೀನ್ದಾರ ಮನೆತನದ, ಗವರ್ನರ್ ಆಗಿದ್ದ ಎಡ್ವರ್ಡ್ ಲಾಯ್ಡ್‌ನ ಮಗಳು. ಆ ಮನೆತನದ ವೈ ಎಸ್ಟೇಟ್ ನಿಂತದ್ದು ಗುಲಾಮರ ದುಡಿಮೆಯ ಮೇಲೆ. ಮುಂದೆ ಗುಲಾಮಗಿರಿ ವಿರೋಧಿ ಹೋರಾಟದ ನಾಯಕನಾದ ಫ್ರೆಡರಿಕ್ ಡಗ್ಲಸ್ ಬಾಲ್ಯದಲ್ಲಿ ಗುಲಾಮನಾಗಿದ್ದದ್ದು ಅಲ್ಲಿಯೇ. ಇಂಥ ನೆಂಟಸ್ತನವುಳ್ಳವನಿಗೆ ದಕ್ಷಿಣದ ಪಕ್ಷ ಪರಕೀಯವಾಗಿರಲಿಲ್ಲ. ಕೊನೆಗೆ 1864ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್ ತನ್ನದೇ ಹೊಸ ಸಂವಿಧಾನದ ಮೂಲಕ ಗುಲಾಮಗಿರಿಯನ್ನು ತೆಗೆದುಹಾಕಿದಾಗ, ರಾಜ್ಯಕ್ಕಾಗಿ ರಾಜೀನಾಮೆ ಕೊಟ್ಟವನು ಉತ್ತರದವರ ಯುದ್ಧಕೈದಿಯಾಗಿದ್ದ. ಇದನ್ನು ಬಿಟ್ಟು ಪಾಠ ಮಾಡಬಾರದು ಎಂಬುದು ನನ್ನ ವಿನಂತಿ.

ಪ್ರಶ್ನೆ ಕೇಳಿದವರು: ಕುಂದವಾಡ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಹರಿಹರದ ಮೇಡಂ ಹೇಳಿದ್ದನ್ನು ಖಂಡಿತ ಸೇರಿಸಿಕೊಳ್ಳುತ್ತೇನೆ. ಒಂದು ಅನುಮಾನ ಉಳಿದಿದೆ: ದುರ್ಗದ ಪಾಳೆಯಗಾರರು ಒಮ್ಮೆ ಹೈದರನ ಕಡೆ, ಒಮ್ಮೆ ಮರಾಠರ ಕಡೆ ನಿಂತದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ.

ಉತ್ತರ: ಜೋಗಿಮಟ್ಟಿ, ಚಿತ್ರದುರ್ಗ

ವ್ಯತ್ಯಾಸ ದೊಡ್ಡದು, ಸರ್. ಪಾಳೆಯಗಾರ ತನ್ನ ಸಂಸ್ಥಾನಕ್ಕೆ ತಾನೇ ಒಡೆಯ. ಎರಡು ದೊಡ್ಡ ಶಕ್ತಿಗಳ ನಡುವೆ ಕೋಟೆ ಉಳಿಸಿಕೊಳ್ಳಲು ಆತ ಮಾಡುತ್ತಿದ್ದದ್ದು ಮೈತ್ರಿಯ ಲೆಕ್ಕಾಚಾರ, ಅದು ಕೈಕೊಟ್ಟಾಗ 1779ರಲ್ಲಿ ಕೋಟೆಯೇ ಹೋಯಿತು. ಬುಕಾನನ್ ಪ್ರಮಾಣವಚನ ಸ್ವೀಕರಿಸಿ ಸಂಬಳ ಪಡೆದ ಅಧಿಕಾರಿ, ಅದರಲ್ಲೂ ಬೇರೆಯವರಿಗೆ ಆ ಶಿಸ್ತನ್ನು ಕಲಿಸಿದ ಗುರು.

ಹರಿಹರದ ಮೇಡಂ ಅವರ ಮಾತನ್ನು ಒಪ್ಪುತ್ತೇನೆ, ಅದು ನನ್ನ ವಾದವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಏಪ್ರಿಲ್‌ನ ರಾಜೀನಾಮೆಯನ್ನು ಆತುರ ಎನ್ನಬಹುದು, ಮೇ ತಿಂಗಳ ನಿರಾಕರಣೆಗೆ ವೆಲ್ಸ್ ಹೊಣೆ ಎನ್ನಬಹುದು; ಆದರೆ ಮೇರಿಲ್ಯಾಂಡ್ ಒಕ್ಕೂಟದಲ್ಲೇ ಉಳಿದಿತ್ತು, ಅಲ್ಲಿ ಅವನಿಗೆ ಮನೆಮಾರು ಇತ್ತು, ಬಾ ಎಂದು ಬಲವಂತ ಮಾಡುವ ರಾಜ್ಯ ಸರ್ಕಾರ ಇರಲಿಲ್ಲ. ಸೆಪ್ಟೆಂಬರ್‌ವರೆಗೆ ಕಾದು ಆತ ದಕ್ಷಿಣಕ್ಕೆ ಹೋದದ್ದು ಸ್ವಂತ ಇಚ್ಛೆಯಿಂದ. ತರಗತಿಯಲ್ಲಿ ಚರ್ಚೆಗೆ ಇಡಬೇಕಾದದ್ದು ಆ ನಾಲ್ಕು ತಿಂಗಳನ್ನು.