ಪಂಚಾಯಿತಿಗೆ ಹೊಸದಾಗಿ ಗೆದ್ದು ಬಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಹೊಸ ಸದಸ್ಯೆ, ಕುಷ್ಟಗಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ವಾರ್ಡಿನ ಉಪಚುನಾವಣೆಯಲ್ಲಿ ಗೆದ್ದಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದ್ದೇನೆ, ಸ್ವಸಹಾಯ ಸಂಘದ ಲೆಕ್ಕ ಬರೆದು ರೂಢಿ ಇದೆ. ಪಂಚಾಯಿತಿ ಕೆಲಸ ಮಾತ್ರ ಹೊಸದು. ಮೊನ್ನೆ ಆಫೀಸಿಗೆ ಹೋದರೆ, "ನೀವ್ಯಾಕ ತ್ರಾಸು ತಗೊಂತೀರಿ ಅಕ್ಕಾರ, ಯಜಮಾನ್ರನ್ನ ಕಳಿಸ್ರಿ" ಅಂದರು. ನನಗೆ ನಾನೇ ಮಾಡಬೇಕು ಅಂತ ಆಸೆ. ನಮ್ಮ ಓಣಿಗೆ ನೀರು ಸರಿಯಾಗಿ ಬರುವುದಿಲ್ಲ, ಚರಂಡಿಯೂ ಇಲ್ಲ. ಮುಂದಿನ ವಾರ ಮೊದಲ ಸಭೆ. ಅನುಭವ ಇದ್ದವರು ಹೇಳಿ.

ಮಾಜಿ ಸದಸ್ಯೆ, ಯಲಬುರ್ಗಾ ತಾಲ್ಲೂಕು

ಅಕ್ಕಾ, ಗೆದ್ದದ್ದು ಕೇಳಿ ಬಹಳ ಖುಷಿಯಾಯಿತು. ಯಜಮಾನ್ರನ್ನ ಕಳಿಸ್ರಿ ಅನ್ನುವ ಮಾತು ನನಗೂ ಹೇಳಿದ್ದರು. ಸಭೆಯಲ್ಲಿ ಸದಸ್ಯರಾಗಿ ಕೂರುವ ಹಕ್ಕು ಗೆದ್ದವರಿಗೆ ಮಾತ್ರ. ಗಂಡ, ಮಗ, ಮೈದುನ ಯಾರೂ ನಿಮ್ಮ ಬದಲು ಕೂರುವಂತಿಲ್ಲ, ಸಹಿ ಹಾಕುವ ಮಾತಂತೂ ದೂರ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಯಾರ ಜಾಗದಲ್ಲೋ ಕೂತಿದ್ದೇನೆ ಅನ್ನುವ ಅಳುಕು ಬೇಡ.

ಪಂಚಾಯಿತಿಯ ಜೀವ ಇರುವುದು ಠರಾವು ಪುಸ್ತಕದಲ್ಲಿ, ಅಂದರೆ ಸಭೆಯ ತೀರ್ಮಾನ ಬರೆಯುವ ಪುಸ್ತಕದಲ್ಲಿ. ಎಷ್ಟು ವಾದ ಮಾಡಿದರೂ ಅದರಲ್ಲಿ ಬರೆಯದಿದ್ದರೆ ಮಾತು ಗಾಳಿಗೆ ಹೋದ ಹಾಗೆ. ನಮ್ಮಲ್ಲಿ ಮೊದಮೊದಲು ಏನಾಗುತ್ತಿತ್ತು ಅಂದರೆ, ಚಹಾ, ಮಂಡಕ್ಕಿ, ಮಿರ್ಚಿ ಬರುವ ಹೊತ್ತಿಗೆ ಪುಸ್ತಕವೂ ಬರುತ್ತಿತ್ತು. ಹಾಜರಿ ಅಂತ ಎಲ್ಲರ ಸಹಿ ಹಾಕಿಸುತ್ತಿದ್ದರು. ಸಹಿ ಆದಮೇಲೆ ನಾಲ್ಕೈದು ಪುಟ ಖಾಲಿ. "ಠರಾವು ಆಮೇಲೆ ಬರ್ಕೊಂತೀವಿ" ಅನ್ನುತ್ತಿದ್ದರು. ಮುಂದೆ ತೆಗೆದು ನೋಡಿದರೆ ನಾವು ಬಾಯೇ ಬಿಡದ ಬಿಲ್ಲಿಗೂ "ಸರ್ವಾನುಮತದಿಂದ ಒಪ್ಪಿಗೆ" ಅಂತ ಇರುತ್ತಿತ್ತು.

ಆಗ ನಾವು ಹೆಣ್ಣುಮಕ್ಕಳೆಲ್ಲ ಕೂಡಿ ಪಟ್ಟು ಹಿಡಿದೆವು. ಒಂದು ವಿಷಯ ಮುಗಿದ ಕೂಡಲೇ ಅಲ್ಲೇ ಬರೆಯಬೇಕು. ಬರೆದದ್ದನ್ನು ಓದಿ ಹೇಳಬೇಕು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆಯಬೇಕು. ಸಹಿ ಆಮೇಲೆ. ಮೊದಲು ಗದ್ದಲವಾಯಿತು, "ಇವರಿಗೆ ನಂಬಿಕೆನೇ ಇಲ್ಲ" ಅಂದರು. ಬರಬರುತ್ತಾ ಅದೇ ರೂಢಿಯಾಯಿತು. ನಿಮಗೆ ಯಾವುದಾದರೂ ಒಪ್ಪಿಗೆ ಇಲ್ಲದಿದ್ದರೆ ಸುಮ್ನೆ ಎದ್ದು ಹೊರಗೆ ಬರಬೇಡಿ. "ನನ್ನ ವಿರೋಧ ಇದೆ ಅಂತ ಬರೀರಿ" ಅಂತ ಹೇಳಿ, ಬರೆಯುವ ತನಕ ಕೂತಿರಿ.

ಇನ್ನೊಂದು ಮಾತು. ಸಾಮಾನ್ಯ ಸಭೆಗೆ 7 ದಿನ ಮುಂಚೆ ನೋಟಿಸು ಬರಬೇಕು, ಜೊತೆಗೆ ಅಜೆಂಡಾ. ಅಜೆಂಡಾದ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಅಂತ ಒಂದು ಸಾಲು ಇರುತ್ತದೆ. ದೊಡ್ಡ ಖರ್ಚಿನ ವಿಷಯ ಆ ಸಾಲಿನೊಳಗೆ ನುಸುಳಿ ಬಂದರೆ, ಮುಂದಿನ ಸಭೆಯ ಅಜೆಂಡಾದಲ್ಲಿ ಹಾಕಿ ಅಂತ ಗಟ್ಟಿಯಾಗಿ ಕೇಳಿ.

ನಿವೃತ್ತ ಪಂಚಾಯಿತಿ ಕಾರ್ಯದರ್ಶಿ, ರಾಯಚೂರು ಜಿಲ್ಲೆ

ತಂಗಿ, ಮೇಲಿನ ಸಹೋದರಿ ಹೇಳಿದ್ದು ನೂರಕ್ಕೆ ನೂರು ನಿಜ. ಮೇಜಿನ ಆ ಕಡೆ ಕೂತವನಾಗಿ ದುಡ್ಡಿನ ವಿಷಯ ಹೇಳುತ್ತೇನೆ.

ಚರಂಡಿ ಬೇಕು ಅಂತ ಸಭೆಯಲ್ಲಿ ಕೇಳಿದರೆ "ಅನುದಾನ ಇಲ್ಲ" ಅನ್ನುವ ಉತ್ತರ ಬರುತ್ತದೆ. ನೀವು ಆಗ ಕೇಳಬೇಕಾದದ್ದು ಒಂದೇ: ಈ ಕೆಲಸ ಕ್ರಿಯಾ ಯೋಜನೆಯಲ್ಲಿ (ವರ್ಷದಲ್ಲಿ ಮಾಡುವ ಕೆಲಸಗಳ ಪಟ್ಟಿ) ಇದೆಯಾ? ಅದರಲ್ಲಿ ಇಲ್ಲದ ಕೆಲಸಕ್ಕೆ ದುಡ್ಡು ಹುಟ್ಟುವುದಿಲ್ಲ. ಸೇರಿಸುವ ದಾರಿ ಅಂದರೆ ಮೊದಲು ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆ, ಆಮೇಲೆ ಇಡೀ ಪಂಚಾಯಿತಿಯ ಮತದಾರರು ಸೇರುವ ಗ್ರಾಮ ಸಭೆ. ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ಆಗಲೇಬೇಕು. ವಾರ್ಡ್ ಸಭೆಯ ಅಧ್ಯಕ್ಷತೆ ಆ ವಾರ್ಡಿನ ಸದಸ್ಯರದೇ, ಇದು ಎಷ್ಟೋ ಸದಸ್ಯರಿಗೆ ಗೊತ್ತಿಲ್ಲ. ನಿಮ್ಮ ಓಣಿಯ ಕಟ್ಟೆಯ ಮೇಲೇ ಸಭೆ ಕರೆಯಿರಿ. ಜನ ಹೇಳಿದ ಕೆಲಸಗಳನ್ನು ಬರೆಸಿ. "ಚರಂಡಿ ಬೇಕು" ಅಂತ ಬರೆದರೆ ಸಾಲದು. ಯಾರ ಮನೆಯಿಂದ ಎಲ್ಲಿಯ ತನಕ, ನೀರು ಕೊನೆಗೆ ಎಲ್ಲಿಗೆ ಹೋಗಿ ಸೇರಬೇಕು, ಅಷ್ಟೂ ಇರಲಿ. ಹಾಗಿದ್ದರೆ ಎಂಜಿನಿಯರ್ ಎಸ್ಟಿಮೇಟ್ ಮಾಡುವಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮುಂದಿನ ವರ್ಷದ ಯೋಜನೆಯ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಯುಗಾದಿ ಹೊತ್ತಿಗೆ ಕೇಳಿದರೆ ಬಸ್ಸು ಹೋಗಿರುತ್ತದೆ.

2026ರ ಮಾರ್ಚ್ ತನಕ 15ನೇ ಹಣಕಾಸು ಆಯೋಗದ ಪ್ರಕಾರ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ನಿಮ್ಮ ಎರಡು ಬೇಡಿಕೆಯೂ ಈ ಸಾಲಿಗೇ ಬರುತ್ತವೆ, ಅಲ್ವಾ? ಈಗಿನ ಅನುದಾನದಲ್ಲಿ ಇವಕ್ಕೆ ಎಷ್ಟು ಮೀಸಲು ಅಂತ ಸಭೆಯಲ್ಲಿ ಕೇಳಿ. ದುಡ್ಡು ಬಿಡುಗಡೆ ಆಗಬೇಕಾದರೆ ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಬ್ಬರೂ ಒಪ್ಪಬೇಕು. ಯಾರ ಹತ್ತಿರ ಏನು ನಿಂತಿದೆ ಅಂತ ಕೇಳುವಾಗ ಇಬ್ಬರನ್ನೂ ಕೂಡಿಸಿಯೇ ಕೇಳಿ. ಪಿಡಿಒ ಜೊತೆ ಸುಮ್ಮನೆ ಜಗಳ ಬೇಡ. ಎಷ್ಟೋ ಕಡೆ ಒಬ್ಬರಿಗೇ ಎರಡು ಪಂಚಾಯಿತಿ ಹೊರಿಸಿರುತ್ತಾರೆ.

ಹಾಲಿ ಸದಸ್ಯ, ಸಿಂಧನೂರು ತಾಲ್ಲೂಕು

ಅಕ್ಕಾರ, ನೀರಿನ ವಿಷಯದಲ್ಲಿ ಆಫೀಸಿಗಿಂತ ಮುಂಚೆ ನೀರುಗಂಟಿ ಅಣ್ಣನ ಜೊತೆ ಒಂದು ಬೆಳಗಿನ ಜಾವ ಓಡಾಡಿ. ಯಾವ ವಾಲ್ವ್ ಎಷ್ಟು ಹೊತ್ತು ತಿರುಗಿಸುತ್ತಾನೆ, ಯಾರ ಮನೆ ಮುಂದೆ ಪೈಪಿಗೆ ಮೋಟರ್ ಹಚ್ಚಿ ನೀರು ಎಳೆಯುತ್ತಾರೆ, ಎಲ್ಲ ಕಣ್ಣಿಗೇ ಕಾಣುತ್ತದೆ. ನಮ್ಮ ಕೊನೆಯ ಓಣಿಗೆ ನೀರು ಬಾರದಿದ್ದದ್ದು ಬೋರಿನ ತಪ್ಪಲ್ಲ, ಮೇಲಿನ ಓಣಿಯ ಮೋಟರ್‌ಗಳ ಕೆಲಸ. ಠರಾವು ಮಾಡಿ ತೆಗೆಸಿದೆವು, ಹೊಸ ಪೈಪ್ ಹಾಕದೆಯೇ ನೀರು ಬಂತು.

ನಾವು ನಾಲೆ ನೀರು ಕೆರೆಗೆ ತುಂಬಿಸಿಕೊಂಡು ಕುಡಿಯುವವರು. ನಿಮ್ಮ ಕಡೆ ಬೋರಿನ ನೀರು, ಫ್ಲೋರೈಡ್ ಕಾಟ ಜಾಸ್ತಿ. ಪ್ರತಿ ಊರಲ್ಲೂ ಐದು ಹೆಣ್ಣುಮಕ್ಕಳಿಗೆ ಕಿಟ್‌ನಲ್ಲಿ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತ ಮನೆ ಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್‌ನಲ್ಲೇ ಇದೆ. ಆ ಕಿಟ್ ಎಲ್ಲಿದೆ ಕೇಳಿ. ಬೀರುವಿನಲ್ಲಿ ಸೀಲ್ ಒಡೆಯದೆ ಇದ್ದರೂ ಇರಬಹುದು. ಫ್ಲೋರೈಡ್ ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಮಕ್ಕಳ ಹಲ್ಲು, ದೊಡ್ಡವರ ಎಲುಬು ಎರಡನ್ನೂ ತಿನ್ನುತ್ತದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಚರಂಡಿಗಿಂತ ಮೊದಲು ಅದನ್ನು ಹಿಡಿಯಿರಿ ಅನ್ನುವುದು ನನ್ನ ಅಭಿಪ್ರಾಯ.

ಕಾಯಕ ಬಂಧುವಾಗಿ (ಉದ್ಯೋಗ ಖಾತ್ರಿ ಕೂಲಿಕಾರರ ಗುಂಪಿನ ಮೇಟಿ) ದುಡಿದವರು, ದೇವದುರ್ಗ ತಾಲ್ಲೂಕು

ಕೂಲಿ ಜನರ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2006ರಲ್ಲಿ ಉದ್ಯೋಗ ಖಾತ್ರಿ ಶುರುವಾದಾಗ ಮೊದಲ ಪಟ್ಟಿಯಲ್ಲೇ ನಮ್ಮ ರಾಯಚೂರು ಜಿಲ್ಲೆ ಇತ್ತು. ಆದರೂ ಬೆಂಗಳೂರಿಗೆ ಗುಳೆ ಹೋಗುವುದು ನಿಲ್ಲಲಿಲ್ಲ. ನಾನು ದುಡಿಯುವಾಗ ಕಂಡದ್ದು ಹೇಳುತ್ತೇನೆ. ಜನ ಬಂದು ಬಾಯಿಮಾತಲ್ಲಿ ಕೆಲಸ ಕೇಳುತ್ತಿದ್ದರು. "ಆಯ್ತು, ನೋಡೋಣ" ಅಂತ ಕಳಿಸುತ್ತಿದ್ದರು. ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6 ತುಂಬಿ, ತಾರೀಖು ಹಾಕಿದ ಸ್ವೀಕೃತಿ ಕೈಗೆ ಸಿಕ್ಕ ಮೇಲಷ್ಟೇ 15 ದಿನದೊಳಗೆ ಕೆಲಸ ಕೊಡುವ ಲೆಕ್ಕ ಶುರು. ಸ್ವೀಕೃತಿ ಇದ್ದ ಗುಂಪಿಗೆ ಕೆಲಸ ಸಿಕ್ಕಿತು, ಇಲ್ಲದವರು ಜನವರಿಯಲ್ಲಿ ಲಾರಿ ಹತ್ತಿದರು. ಯೋಜನೆ ಯಾವುದೇ ಇರಲಿ ಅಕ್ಕಾ, ನಿಮ್ಮ ಓಣಿಯವರು ಕೊಡುವ ಪ್ರತಿ ಅರ್ಜಿಗೂ ಸೀಲ್ ಹಾಕಿಸಿದ ಪ್ರತಿ ಕೊಡಿಸಿ.

ಹೊಸ ಸದಸ್ಯೆ, ಕುಷ್ಟಗಿ ತಾಲ್ಲೂಕು

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದು ಪ್ರಶ್ನೆ ಉಳಿಯಿತು. ಗೆದ್ದ ದಿನದಿಂದ ಮನೆಗೆ ಜನ ಬರುತ್ತಿದ್ದಾರೆ, "ಅಕ್ಕಾ, ನಮಗೊಂದು ಮನಿ ಹಾಕ್ಸು" ಅಂತ. ಸರ್ಕಾರದಿಂದ ಬರುವ ಮನೆ ಕೆಲವೇ, ಕೇಳುವವರು ನೂರಾರು. ಏನು ಹೇಳಲಿ?

ಮಾಜಿ ಸದಸ್ಯೆ, ಯಲಬುರ್ಗಾ ತಾಲ್ಲೂಕು

ಯಾರಿಗೂ ಮಾತು ಕೊಡಬೇಡಿ ಅಕ್ಕಾ. ಫಲಾನುಭವಿಗಳ ಆಯ್ಕೆ ಆಗಬೇಕಾದದ್ದು ಗ್ರಾಮ ಸಭೆಯಲ್ಲಿ, ನಿಮ್ಮ ಪಡಸಾಲೆಯಲ್ಲಿ ಅಲ್ಲ. ಬಂದವರಿಗೆಲ್ಲ "ಗ್ರಾಮ ಸಭೆಗೆ ಬರ್ರಿ, ಎಲ್ಲರ ಮುಂದ ಹೇಳ್ರಿ" ಅನ್ನಿ. ಸೋರುವ ಮನೆಯಲ್ಲಿ ಇರುವ ಒಂಟಿ ಮುದುಕಿ ಯಾರು, ಆರ್‌ಸಿಸಿ ಮನೆ ಇದ್ದೂ ಅರ್ಜಿ ಹಾಕಿದವರು ಯಾರು, ಊರಿಗೆ ಗೊತ್ತಿರುತ್ತದೆ. ಪಟ್ಟಿಯನ್ನು ಹೆಸರು ಹೆಸರಾಗಿ ಮೈಕಿನಲ್ಲಿ ಓದಿಸಿ.

ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಬಾರದೆ ಗ್ರಾಮ ಸಭೆಗೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಇಲ್ಲ. ಬಂದವರಲ್ಲಿ ಶೇ 30ರಷ್ಟಾದರೂ ಹೆಣ್ಣುಮಕ್ಕಳು ಇರಬೇಕು ಅಂತಲೂ ಕಾನೂನು ಹೇಳುತ್ತದೆ. ನಮ್ಮಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಇಡುತ್ತಿದ್ದರು. ಆ ಹೊತ್ತಿಗೆ ಹೆಣ್ಣುಮಕ್ಕಳೆಲ್ಲ ಹೊಲದಲ್ಲಿ ಕಳೆ ತೆಗೆಯುತ್ತಿರುತ್ತಾರೆ, ಬರುವವರು ಕಟ್ಟೆಯ ಮೇಲೆ ಕೂತಿದ್ದ ಗಂಡಸರಷ್ಟೇ. ಸಂಜೆಗೆ ಇಡಿಸಿ. ಹಿಂದಿನ ದಿನ ಡಂಗುರ ಹೊಡೆಸಿ, ನಿಮ್ಮ ಸಂಘದವರಿಗೂ ಮನೆ ಮನೆಗೆ ಹೇಳಿ ಬರಲು ತಿಳಿಸಿ.