‘ಸಹಿಷ್ಣುತೆ’ಗೆ ಹೊಲದ ಮಾತು ಯಾವುದು?

ಗೆಳೆಯರೇ, ನಮಸ್ಕಾರ.

ಮಣ್ಣಲ್ಲಿ ರಂಜಕ ಕಡಿಮೆ ಸಿಕ್ಕರೂ ಬೆಳೆಯುವ ತಳಿಗಳ ಬಗ್ಗೆ ರೈತರಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ರಂಜಕ ಅಂದರೆ ಅದೇ, ಡಿಎಪಿ ಗೊಬ್ಬರದ ಚೀಲದಲ್ಲಿ ಬರುವ ಫಾಸ್ಫರಸ್. ಈ ಗುಣಕ್ಕೆ ಪುಸ್ತಕದಲ್ಲಿ ‘ಸಹಿಷ್ಣುತೆ’ ಎಂದಿದೆ. ಹೊಲದಲ್ಲಿ ನಿಂತು ಯಾರೂ ಹಾಗೆ ಅನ್ನುವುದಿಲ್ಲ, ಅಲ್ವಾ?

‘ಬರ ತಾಳುವ ತಳಿ’ ಎಂಬ ಮಾತು ಬಳಕೆಯಲ್ಲಿದೆ. ಹಾಗೇ ‘ರಂಜಕದ ಕೊರತೆ ತಾಳುವ ತಳಿ’ ಅನ್ನಬಹುದು. ಆದರೆ ‘ತಾಳು’ ಅಂದಾಗ ಸುಮ್ನೆ ಸಹಿಸಿಕೊಂಡು ಕೂತ ಚಿತ್ರ ಬರುತ್ತದೆ. ಗಿಡ ಸುಮ್ನೆ ಕೂರುವುದಿಲ್ಲ. ಕಸಲತ್ ಎಂಬ ಹಳೆಯ ಭತ್ತದ ತಳಿಯನ್ನೇ ನೋಡಿ. ಅದರಲ್ಲಿರುವ ಪಿಎಸ್‌ಟಿಒಎಲ್‌1 ಎಂಬ ಜೀನ್ ಪೈರು ಎಳೆಯದಾಗಿದ್ದಾಗಲೇ ಬೇರನ್ನು ಜಾಸ್ತಿ ಬೆಳೆಸುತ್ತದೆ. ಬೇರು ಹರಡಿದಷ್ಟೂ ರಂಜಕ ಸಿಗುತ್ತದೆ. 2012ರಲ್ಲಿ ಇದನ್ನು ಗುರುತಿಸಿದವರು ಅದರ ಹೆಸರಲ್ಲೇ ‘ರಂಜಕದ ಉಪವಾಸ’ ಎಂಬ ಅರ್ಥ ಸೇರಿಸಿದ್ದಾರೆ. ಜಪಾನಿನ ನಿಪ್ಪೊನ್‌ಬಾರೆ ತಳಿಯಲ್ಲಿ ಈ ಜೀನೇ ಇಲ್ಲ.

ತೊಗರಿಯದು ಬೇರೆ ದಾರಿ. ಕೆಂಪು ಮಣ್ಣಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡು, ಇದ್ದೂ ಇಲ್ಲದ ಹಾಗಿರುತ್ತದೆ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಒಸರಿ ಅದನ್ನು ಬಿಡಿಸಿಕೊಳ್ಳುತ್ತದೆ ಎಂದು 1990ರಲ್ಲೇ ವರದಿಯಾಗಿತ್ತು. ‘ಬಿಡಿಸಿಕೊಳ್ಳು’ ನನಗೆ ಇಷ್ಟವಾಯಿತು. ಅಡವಿಟ್ಟ ಒಡವೆ ಬಿಡಿಸಿಕೊಂಡ ಹಾಗೆ. ಅಂದಮೇಲೆ ಇಂಥ ಮಣ್ಣಿಗೆ ‘ಕೊರತೆ’ ಅನ್ನುವುದೂ ಪೂರ್ತಿ ಸರಿಯಲ್ಲವೇನೋ.

ಸಿಕ್ಕಷ್ಟು ರಂಜಕದಲ್ಲೇ ಜಾಸ್ತಿ ಕಾಳು ಕಟ್ಟುವುದು ಮತ್ತೊಂದು ಬಗೆ. ಹಳೆ ಎಲೆಯಿಂದ ತೆಗೆದು ಎಳೆ ಎಲೆಗೆ ಕೊಡುವುದೂ ಇದರಲ್ಲೇ ಬರುತ್ತದೆ. ಇದಕ್ಕೆ ‘ತೂಗಿಸು’ ಚೆನ್ನಾಗಿ ಕೂರುತ್ತದೆ. ಕಡಿಮೆ ಸಂಬಳದಲ್ಲಿ ಮನೆ ತೂಗಿಸುತ್ತಾರಲ್ಲ, ಹಾಗೆ.

ಅಂತೂ ಒಂದೊಂದು ಬಗೆಗೆ ಪದ ಸಿಕ್ಕಿತು. ಎಲ್ಲವನ್ನೂ ಒಳಗೊಳ್ಳುವ ಪದ ಮಾತ್ರ ಸಿಗಲಿಲ್ಲ. ‘ನೀಗು’ ಆದೀತೇ? ‘ಇದು ನನ್ನಿಂದ ನೀಗದು’ ಎನ್ನುವಾಗಿನ ಅರ್ಥದಲ್ಲಿ. ತೊಂದರೆ ಏನೆಂದರೆ, ‘ಕೊರತೆ ನೀಗುವ ತಳಿ’ ಅಂದರೆ ಬಿತ್ತಿದ ಕೂಡಲೇ ಮಣ್ಣಿಗೆ ರಂಜಕ ತುಂಬಿಬಿಡುತ್ತದೆ ಅಂದುಕೊಂಡಾರು! ಗೊಬ್ಬರ ಬೇಡವೇ ಬೇಡ ಅಂತ ಯಾರಾದರೂ ಕೈಬಿಟ್ಟರೆ ನನ್ನ ಬರಹದ ಮೇಲೇ ಬರುತ್ತದೆ.

ನಿಮ್ಮ ಕಡೆ ಗೊಬ್ಬರ ಕಡಿಮೆಯಾದರೂ ಚೆನ್ನಾಗಿ ಬರುವ ಬೆಳೆಗೆ ಏನನ್ನುತ್ತಾರೆ? ಬಯಲುಸೀಮೆ, ಮಲೆನಾಡು, ಕರಾವಳಿ, ಯಾವ ಕಡೆಯ ಮಾತಾದರೂ ಸರಿ. ಆ ಪದ ಬರುವ ಒಂದು ವಾಕ್ಯವನ್ನೂ ಜೊತೆಗೆ ಬರೆಯಿರಿ.